ಬೀಟ್‌ರೂಟ್ ಅಲ್ಲದ ಕೆಂಪು

ಹಲ್ಲಲ್ಲಿ ಕಚ್ಚಿಕೊಂಡಿದ್ದ ಸಣ್ಣ ಕುಂಚ ಜಾರದ ಹಾಗೆ ದವಡೆ ಬಿಗಿಹಿಡಿದು, ಟಾಯ್ಲೆಟ್ಟಿನ ಕಿಟಕಿಯಿಂದ ಬೀಳುತ್ತಿದ್ದ ಗೇಣಗಲದ ಬೆಳಕಿಗೆ ಶೇಡಣ್ಣ ಹಳೇ ಕ್ಯಾಲೆಂಡರಿನ ಹಾಳೆಯ ಬೆನ್ನನ್ನು ಒಡ್ಡಿ ನಿಂತಿದ್ದ. ಹಾಳೆಯ ಮೇಲೆ ಎರಡು ಮಚ್ಚೆ. ಒಂದು ಹನ್ನೊಂದು ದಿನದ ಹಿಂದಿನದು, ಒಣಗಿ ಅಂಚು ಎದ್ದದ್ದು. ಇನ್ನೊಂದು ಈಗತಾನೇ ಹಚ್ಚಿದ್ದು, ಇನ್ನೂ ಹಸಿ. ಕೆಳಗೆ ಬಿಳಿ ಪಿಂಗಾಣಿಯಲ್ಲಿ ಅಸಲಿ ಮಾದರಿ. ಅದನ್ನೊಮ್ಮೆ ಇದನ್ನೊಮ್ಮೆ ನೋಡಿ, ಒಂದು ತೊಟ್ಟು ಕಪ್ಪು ಸೇರಿಸಿ, ಮತ್ತೆ ಹಚ್ಚಿ, ತಲೆ ವಾರೆ ಮಾಡಿದ. ಕೂಡಿತು. ಬಣ್ಣದಂಗಡಿಯಲ್ಲಿ ಇಪ್ಪತ್ತಾರು ವರ್ಷ, ಗಿರಾಕಿಗಳು ತಂದ ಬಾಗಿಲಿನ ಚಕ್ಕೆ, ಪರದೆಯ ತುಂಡು, ಸೈಕಲ್ಲಿನ ಮಡ್‌ಗಾರ್ಡು, ಒಮ್ಮೆ ಒಬ್ಬ ಅಜ್ಜಿ ಸೆರಗಿನಲ್ಲಿ ಸುತ್ತಿ ತಂದ ಬದನೆಕಾಯಿ, ಏನು ಕೊಟ್ಟರೂ ಬರಿಗಣ್ಣಲ್ಲೇ ಬಣ್ಣ ಕೂಡಿಸಿ ಕೊಟ್ಟವನು ಅವನು. ಅದಕ್ಕೇ ಹೆತ್ತವರಿಟ್ಟ ಹೆಸರು ಯಾರಿಗೂ ಬೇಡವಾಗಿ ಶೇಡಣ್ಣ ಅನ್ನುವುದೊಂದೇ ಉಳಿದದ್ದು. ಬಣ್ಣ ಕೂಡಿದ ಕೂಡಲೇ ಎದೆಯೊಳಗೆ ಏಳುವ ಸಣ್ಣ ಸಂತೋಷ ಈಗಲೂ ಎದ್ದಿತು. ಎದ್ದ ಮೇಲೆ, ಕೂಡಿಸಿದ್ದು ತನ್ನ ಉಚ್ಚೆಯ ಬಣ್ಣವನ್ನು ಅನ್ನುವುದು ನೆನಪಾಗಿ, ಎದ್ದ ಜಾಗದಲ್ಲೇ ಕೂತುಬಿಟ್ಟಿತು.

ಹೆಂಡತಿ ಬಾಗಿಲು ತಟ್ಟಿದಳು. "ಏನ್ರೀ, ಅರ್ಧ ಗಂಟೆ ಆಯ್ತು. ಒಳಗೇನು ಗೋಡೆಗೆ ಬಣ್ಣ ಹೊಡೀತಿದ್ದೀರಾ?"

ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಕುಹಕ ಇಷ್ಟು ಹತ್ತಿರ ಬಂದು ಬಿದ್ದದ್ದಿರಲಿಲ್ಲ. ಬಾಯಲ್ಲಿ ಕುಂಚ ಇದ್ದದ್ದರಿಂದ ಅವನು ಊಂ ಅಂದ. ಅಷ್ಟಕ್ಕೇ ಅವಳಿಗೆ ಸಮಾಧಾನವಾಗಿ, ಬೀಟ್‌ರೂಟ್ ತುರಿದಿಟ್ಟಿದ್ದೀನಿ, ಬೇಗ ಬನ್ನಿ ಅಂದು ಹೋದಳು. ಆ ಮಾತು ಕೇಳಿ ಅವನಿಗೆ ಚೇನು ಎಳೆದು ತಾನೂ ನೀರಿನ ಜೊತೆ ಹೋಗಿಬಿಡೋಣ ಅನ್ನಿಸಿತು. ಬೀಟ್‌ರೂಟಿನ ವ್ಯವಹಾರವನ್ನು ಶುರುಮಾಡಿದವನು ಅವನೇ. ಹನ್ನೊಂದು ದಿನದ ಹಿಂದೆ ಮೊದಲ ಸಲ ಕೆಂಪು ಕಂಡಾಗ ಗೋಡೆ ಹಿಡಿದು ನಿಂತಿದ್ದ, ಕಿವಿಯೊಳಗೆ ಗುಂಯ್ ಅಂದಿತ್ತು, ಆಮೇಲೆ ದೇವರಂತೆ ನೆನಪಾಗಿ ಬಂದದ್ದು ಹಿಂದಿನ ರಾತ್ರಿ ಊಟಕ್ಕಿದ್ದ ಬೀಟ್‌ರೂಟ್. ಅಬ್ಬಾ ಅಂದುಕೊಂಡ. ಎರಡು ದಿನದಲ್ಲಿ ಕೆಂಪು ತಾನಾಗಿ ನಿಂತಿತು. ನಿಂತಮೇಲೆ ಇನ್ನೊಂದು ಭಯ: ಬೀಟ್‌ರೂಟ್ ತಿನ್ನದ ದಿನ ಮತ್ತೆ ಕೆಂಪಾದರೆ ಏನು ಹೇಳಿಕೊಳ್ಳುವುದು? ಅದಕ್ಕೆ ಅವನು ಕಂಡುಕೊಂಡ ಉಪಾಯ ಸರಳವಾಗಿತ್ತು. ದಿನಾ ತಿನ್ನುವುದು. ಯಾವತ್ತು ಕೆಂಪಾದರೂ ಕಾರಣ ಹೊಟ್ಟೆಯಲ್ಲಿ ಸಿದ್ಧವಾಗಿರಬೇಕು. ಮೂವತ್ತು ವರ್ಷ ತರಕಾರಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದ ಗಂಡ ಕೇಳಿಕೇಳಿ ಹಾಕಿಸಿಕೊಳ್ಳುವುದನ್ನು ಕಂಡು ಹೆಂಡತಿಗೆ ಹಿಗ್ಗು. ದಿನಾ ಎರಡು ಗಡ್ಡೆ ತುರಿದಳು. ಅವಳ ಅಂಗೈ ಕೆಂಪಾಗಿ, ಸೋಪಿಗೂ ಹೋಗದೆ, ಪಕ್ಕದ ಮನೆಯವಳು ಏನು ಮದುವೆ ಇದೆಯಾ ಅಂತ ಕೇಳುವ ಹಾಗಾಗಿತ್ತು. ಈಗ ಅವಳು ತಟ್ಟೆ ಮುಂದಿಟ್ಟು, ತಿನ್ನಿ, ಮುಖದಲ್ಲಿ ರಕ್ತ ತುಂಬ್ತಾ ಇದೆ ಅಂದಳು. ರಕ್ತ ಎಲ್ಲಿ ತುಂಬುತ್ತಿದೆ, ಎಲ್ಲಿ ಖಾಲಿಯಾಗುತ್ತಿದೆ ಅನ್ನುವುದನ್ನು ಅವನು ಬೀಟ್‌ರೂಟಿನ ಜೊತೆಗೇ ಅಗಿದು ನುಂಗಿದ.

ಅಂಗಡಿಯ ದಾರಿಯಲ್ಲಿ, ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಡೆಯುತ್ತ, ಅವನು ತನ್ನ ಜೊತೆಗೇ ಜಗಳಕ್ಕೆ ಬಿದ್ದ. ಜಗಳ ಇಷ್ಟೇ. ಬೀಟ್‌ರೂಟಿನ ಕೆಂಪು ನೀಲಿಯ ಕಡೆಗೆ ವಾಲುತ್ತದೆ. ಇದು ವಾಲುವುದು ಕಂದಿನ ಕಡೆಗೆ. ನೆಲಕ್ಕೆ ಹಾಕುವ ರೆಡ್ ಆಕ್ಸೈಡಿಗೆ ಚೂರು ಕಪ್ಪು ಬಿದ್ದು ಅದರ ಮೇಲೆ ಬಕೆಟ್ಟು ನೀರು ಸುರಿದರೆ ಹೇಗಿರುತ್ತದೋ ಹಾಗೆ. ಇದು ಮೊದಲ ದಿನವೇ, ಮೊದಲ ನೋಟಕ್ಕೇ ಅವನ ಕಣ್ಣಿಗೆ ಗೊತ್ತಾಗಿತ್ತು. ಇನ್ನೂ ಒಂದಿತ್ತು: ನಡುವಿನ ಎಂಟು ದಿನ ಬೀಟ್‌ರೂಟ್ ಒಳಗೆ ಹೋಗುತ್ತಲೇ ಇತ್ತು, ಹೊರಗೆ ಮಾತ್ರ ತಿಳಿ ಹಳದಿ. ಅದನ್ನು ಯೋಚಿಸಬಾರದು ಅಂತ ತೀರ್ಮಾನಿಸಿದ್ದ, ಯೋಚಿಸಿರಲಿಲ್ಲ. ಬೀಟ್‌ರೂಟೇ ಅಂತ ನಂಬಬೇಕಾದರೆ ತನ್ನ ಕಣ್ಣು ಕೆಟ್ಟಿದೆ ಅಂತ ಒಪ್ಪಬೇಕು. ಕಣ್ಣು ಸರಿಯಿದೆ ಅಂದರೆ ಒಳಗೆ ಬೇರೇನೋ ಕೆಟ್ಟಿದೆ ಅಂತ ಒಪ್ಪಬೇಕು. ಎರಡರಲ್ಲಿ ಯಾವುದು ಕೆಟ್ಟರೆ ವಾಸಿ ಅಂತ ಅಳೆಯುತ್ತ ನಡೆದವನು ಅಂಗಡಿಯನ್ನು ದಾಟಿ ನಾಲ್ಕು ಬಾಗಿಲು ಮುಂದೆ ಹೋಗಿ, ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿ, ಅವರು ಎಷ್ಟನೇ ನಂಬರು ಅಂತ ಕೇಳಿದ ಮೇಲೆ ವಾಪಸು ಬಂದ.

ಅಂಗಡಿಯಲ್ಲಿ ಅಳಿಯ ಆಗಲೇ ಎದ್ದು ಗುಂಯ್‌ಗುಡುತ್ತಿದ್ದ. ಅಳಿಯ ಅಂದರೆ ಬಣ್ಣ ಕೂಡಿಸುವ ಯಂತ್ರ. ಹೋದ ವರ್ಷ ಬಂದದ್ದು. ಹಾರ ಹಾಕಿಸಿಕೊಂಡು ಬಂತು, ಬಂದ ದಿನದಿಂದ ಅದೊಂದಕ್ಕೇ ಏಸಿ, ಧೂಳು ತಾಗಬಾರದು, ಯಾರೂ ಗದರಬಾರದು, ದಿನಾ ಹೊಟ್ಟೆ ತುಂಬಿಸಬೇಕು, ಮುನಿಸಿಕೊಂಡರೆ ದೂರದಿಂದ ಮನುಷ್ಯ ಬಂದು ಸಮಾಧಾನ ಮಾಡಬೇಕು. ಹೆಸರಿಟ್ಟವನು ಶೇಡಣ್ಣನೇ. ಬಂದ ದಿನ ಯಜಮಾನರು ಗಿರಾಕಿಗಳ ಮುಂದೆ ಒಂದು ಹಸಿರು ಬಾಗಿಲಿನ ಚಕ್ಕೆ ಕೊಟ್ಟು ಇಬ್ಬರಿಗೂ ಪಂದ್ಯ ಕಟ್ಟಿದ್ದರು. ಸೋಪಿನ ಪೆಟ್ಟಿಗೆಯಷ್ಟಿರುವ ಒಂದು ಗಾಜಿನ ಕಣ್ಣನ್ನು ಚಕ್ಕೆಯ ಮೇಲಿಟ್ಟದ್ದೇ, ಅಳಿಯ ಎರಡು ನಿಮಿಷದಲ್ಲಿ ಬಣ್ಣ ಉಗಿದ. ಶೇಡಣ್ಣನಿಗೆ ಹನ್ನೊಂದು ನಿಮಿಷ ಹಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅಳಿಯನ ಹಸಿರಿನಲ್ಲಿ ಒಂದೆಳೆ ಹಳದಿ ಕಮ್ಮಿಯಿತ್ತು. ಬಿಸಿಲಿಗೆ ತಂದರೆ ಗೊತ್ತಾಗುತ್ತೆ ಅಂತ ಶೇಡಣ್ಣ ಎರಡೂ ಬಣ್ಣ ಬಳಿದ ಹಲಗೆ ಹಿಡಿದು ಬೀದಿಗೆ ಹೋಗಿ ನಿಂತ. ಯಾರೂ ಹಿಂದೆ ಬರಲಿಲ್ಲ. ಒಳಗೆ ಸಿಹಿ ಹಂಚುತ್ತಿದ್ದರು. ಎರಡು ಹಸಿರು ಹಲಗೆ ಎತ್ತಿ ಹಿಡಿದು ಬಿಸಿಲಲ್ಲಿ ನಿಂತವನನ್ನು ರಸ್ತೆ ಕೆಲಸದವನು ಅಂದುಕೊಂಡು ಒಂದು ಲಾರಿ ನಿಧಾನ ಮಾಡಿತ್ತು. ಬಿಸಿಲಲ್ಲಿ ಒಬ್ಬನೇ ನಿಂತಾಗ ಕುತ್ತಿಗೆಯ ಹಿಂದೆ ಹತ್ತುವ ಬಿಸಿ ಹೊಸದಲ್ಲ. ಮೂರನೇ ಕ್ಲಾಸಿನಲ್ಲಿ, ಒಂದಕ್ಕೆ ಅಂತ ಬೆರಳೆತ್ತಿ ಎತ್ತಿ, ಮೇಷ್ಟ್ರು ಮಗ್ಗಿ ಮುಗಿಯಲಿ ಅಂದು, ಹದಿಮೂರರ ಮಗ್ಗಿ ಮುಗಿಯುವ ಹೊತ್ತಿಗೆ ಅವನದೇ ಮುಗಿದುಹೋಗಿತ್ತು. ಚಡ್ಡಿ ಒಣಗುವವರೆಗೂ ಅಂಗಳದಲ್ಲಿ ನಿಲ್ಲಿಸಿದ್ದರು. ಅವತ್ತಿನಿಂದ ಆ ದಾರಿಯ ವಿಚಾರವನ್ನು ಅವನು ಬಾಯಿಬಿಟ್ಟು ಯಾರ ಹತ್ತಿರವೂ ಆಡಿದವನಲ್ಲ. ಈಗ ಡಾಕ್ಟರ ಎದುರು ಕೂತು ಏನಂತ ಶುರುಮಾಡುವುದು? ಹದಿಮೂರೊಂದ್ಲ ಹದಿಮೂರು ಅಂತಲೇ?

ಹನ್ನೊಂದರ ಹೊತ್ತಿಗೆ ಯಜಮಾನರು ಫೋನು ಹಿಡಿದು ಹೊರಗೆ ಹೋದರು. ಶೇಡಣ್ಣ ಸುತ್ತ ನೋಡಿ, ಜೇಬಿನಿಂದ ಹಾಳೆ ತೆಗೆದು, ಒಂದು ವರ್ಷದಲ್ಲಿ ಮಾಡದ ಕೆಲಸ ಮಾಡಿದ: ಅಳಿಯನ ಹತ್ತಿರ ತೀರ್ಪು ಕೇಳಲು ಹೋದ. ಅಳಿಯ ತಪ್ಪು ಮಾಡುತ್ತಾನೆ ಅಂತ ವರ್ಷವೆಲ್ಲ ಸಾರಿದವನು ಈಗ ಮನಸ್ಸಿನಲ್ಲೇ ಬೇಡಿಕೊಂಡ. ಇವತ್ತೊಂದು ದಿನ ನೀನೇ ಗೆಲ್ಲಪ್ಪ. ಒಂದು ತೊಟ್ಟು ನೇರಳೆ ತೋರಿಸು. ಇದು ಬೀಟ್‌ರೂಟೇ, ಮುದುಕನ ಕಣ್ಣು ಮಂಜಾಗಿದೆ ಅಂತ ಹೇಳು, ನಾಳೆಯಿಂದ ಮುಂದೆ ನಿಂತು ನಿನಗೆ ಧೂಳು ಒರೆಸುತ್ತೇನೆ. ಗಾಜಿನ ಕಣ್ಣನ್ನು ಮಚ್ಚೆಯ ಮೇಲಿಟ್ಟ. ಅದು ಮಿಟುಕಿತು. ಪರದೆಯ ಮೇಲೆ ಪಟ್ಟಿ ಮೂಡಿತು: ರೆಡ್ ಆಕ್ಸೈಡ್ ಇಷ್ಟು, ಹಳದಿ ಆಕ್ಸೈಡ್ ಇಷ್ಟು, ಕಪ್ಪು ಒಂದು ತೊಟ್ಟು. ನೇರಳೆ ಸೊನ್ನೆ. ನೀಲಿ ಸೊನ್ನೆ. ಅವನು ಬೆಳಗ್ಗೆ ಟಾಯ್ಲೆಟ್ಟಿನಲ್ಲಿ ಯಾವ ಲೆಕ್ಕದಲ್ಲಿ ಕೂಡಿಸಿದ್ದನೋ ತೊಟ್ಟುತೊಟ್ಟಿಗೂ ಅದೇ ಲೆಕ್ಕ. ಅಳಿಯ ಮೊದಲ ಸಲ ಅವನ ಪರವಾಗಿ ಮಾತಾಡಿದ್ದ, ಅದೂ ಇಂಥ ದಿನ.

ಪರದೆ ಈ ಬಣ್ಣಕ್ಕೊಂದು ಹೆಸರು ಕೇಳಿತು. ಹೆಸರು ಕೊಡದೆ ಹಿಂದಕ್ಕೂ ಹೋಗಲು ಬಿಡುವುದಿಲ್ಲ ಅದು. ಸುಳ್ಳು ಹೆಸರು ಹೊಳೆಯದೆ ಅವನು ನನ್ನದು ಅಂತ ಒತ್ತಿದ. ಸಾಲದು ಅಂದಿತು, ನನ್ನದು, ಮಂಗಳವಾರ ಬೆಳಗ್ಗೆ ಅಂತ ಒತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ಯಜಮಾನರ ಚಪ್ಪಲಿ ಸದ್ದು. ಪರದೆ ಇನ್ನೇನೋ ಕೇಳುತ್ತಿತ್ತು, ಅವನು ಗಾಬರಿಯಲ್ಲಿ ಹೂಂ ಅಂತ ಒತ್ತಿಬಿಟ್ಟ. ಅದು ಕೇಳಿದ್ದು ಬಣ್ಣ ಸುರಿಯಲೇ ಅಂತ. ಯಂತ್ರದ ಕೆಳಗೆ ಯಾರದೋ ಕಿಟಕಿಗೆ ಅಂತ ಒಂದು ಲೀಟರಿನ ಡಬ್ಬಿ ಬಾಯ್ತೆರೆದು ಕೂತಿತ್ತು. ಚಿರ್ರ್ ಚಿರ್ರ್ ಅಂತ ಅಳಿಯ ತುಂಬು ಶ್ರದ್ಧೆಯಿಂದ ಅದರೊಳಗೆ ಸುರಿಸಿ, ಕೊನೆಗೆ ನಾಲಗೆಯಂತೆ ಒಂದು ಚೀಟಿ ಹೊರಚಾಚಿದ. ಯಜಮಾನರು ಬಂದು ಏನಿದು ಅಂದರು. ಮಾದರಿ ಅಂದ. ಯಾರದು ಅಂದರು. ಒಬ್ಬರದು ಅಂದ. ಯಜಮಾನರು ಕಡ್ಡಿಯಿಂದ ಕಲಸಿ ನೋಡಿ, ಬಣ್ಣ ಘನವಾಗಿದೆ, ಎದುರಿಗೆ ಇಡು ಅಂದು, ತಾವೇ ಚೀಟಿ ಅಂಟಿಸಿ ಕೌಂಟರಿನ ಮೇಲಿಟ್ಟರು. ಒಂದು ಲೀಟರು. ಅವನು ಆ ಡಬ್ಬಿಯನ್ನೇ ನೋಡುತ್ತ ಕೂತ. ಇಷ್ಟು ದಿನ ಬಚ್ಚಿಟ್ಟದ್ದು ಈಗ ಮುಚ್ಚಳ, ಹಿಡಿಕೆ, ಚೀಟಿ ಸಮೇತ ಬೀದಿಗೆ ಮುಖ ಮಾಡಿ ಕೂತಿತ್ತು.

ಯಾರೂ ಕೇಳದಿರಲಿ ಅಂದುಕೊಳ್ಳುತ್ತಿರುವಾಗಲೇ ಕೇಳುವವರು ಬಂದರು. ಸಿಸ್ಟರಮ್ಮ. ಮೂಲೆಯ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದು ರಿಟೈರಾದವರು, ಈ ಬೀದಿಯ ಅರ್ಧ ಜನಕ್ಕೆ ಸೂಜಿ ಚುಚ್ಚಿದವರು. ಮನೆಯ ಗೇಟಿಗೆ ಬಣ್ಣ ಬೇಕಿತ್ತು. ನೀಲಿ ನೋಡಿದರು, ಬೂದು ನೋಡಿದರು, ಕಣ್ಣು ಕೌಂಟರಿನ ಡಬ್ಬಿಯ ಮೇಲೆ ಬಂದು ನಿಂತಿತು. ಇದೇ ಅಂದರು. ಎಷ್ಟು ದಿನದಿಂದ ಇಂಥದ್ದನ್ನೇ ಹುಡುಕುತ್ತಿದ್ದೆ, ಇಟ್ಟಿಗೆಯೂ ಅಲ್ಲ, ಕೆಂಪೂ ಅಲ್ಲ, ಎಲ್ಲೋ ನೋಡಿದ ಹಾಗಿದೆ ಅಂದರು. ಶೇಡಣ್ಣ ಅದು ಬೇಗ ಮಾಸುತ್ತೆ ಅಂದ, ಗೇಟಿಗೆ ಹಿಡಿಯೋದಿಲ್ಲ ಅಂದ, ಅಪಶಕುನ ಅಂತ ಕೂಡ ಅಂದ. ಯಜಮಾನರು ದೂರದಿಂದ ಇದೇನು ಇವನು ವ್ಯಾಪಾರ ಕೆಡಿಸುತ್ತಿದ್ದಾನೆ ಅನ್ನುವಂತೆ ನೋಡಿದರು. ಸಿಸ್ಟರಮ್ಮ ಕನ್ನಡಕ ಏರಿಸಿ ಚೀಟಿಯ ಮೇಲೆ ಅಚ್ಚಾಗಿದ್ದ ಹೆಸರು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ದನಿ ತಗ್ಗಿಸಿದರು.

"ಏನು ಶೇಡಣ್ಣ, ಮಂಗಳವಾರ ಬೆಳಗ್ಗೆ ನಿಮ್ಮದು ಈ ಬಣ್ಣದ್ದು ಏನಿತ್ತು?"

ಅವನು ಕುಂಚ ಒರೆಸುವ ಬಟ್ಟೆಯಿಂದ ಮುಖ ಒರೆಸಿಕೊಂಡ. ಹಣೆಗೆ ನೀಲಿ ಹತ್ತಿತು. ಹದಿಮೂರರ ಮಗ್ಗಿ ಮುಗಿಯುವ ಕೊನೆಯ ಗಳಿಗೆಯಲ್ಲಿ ಏನಾಗಿತ್ತೋ ಅದೇ ಆಯಿತು. ತಡೆಯಲು ಆಗಲಿಲ್ಲ, ಎಲ್ಲ ಹೊರಗೆ ಬಂತು. ಹನ್ನೊಂದು ದಿನ, ಕ್ಯಾಲೆಂಡರಿನ ಹಾಳೆ, ಬೀಟ್‌ರೂಟ್, ಹೆಂಡತಿಯ ಅಂಗೈ, ಅಳಿಯನ ತೀರ್ಪು. ಸಿಸ್ಟರಮ್ಮ ನಗಲಿಲ್ಲ. ತುಟಿ ಒಂದು ಸಲ ಅದುರಿದ್ದು ಮಾತ್ರ ಕಂಡಿತು. ಅಲ್ಲಿಂದ ಮುಂದೆ ಅವರು ಏಕವಚನಕ್ಕಿಳಿದರು. ಅವನಿಗೆ ಯಾಕೋ ಅದು ಹಿತವಾಯಿತು. ನೋವಿದೆಯಾ ಅಂತ ಕೇಳಿದರು. ಇಲ್ಲವೇ ಇಲ್ಲ ಅಂತ ಅವನು ಒಳ್ಳೇ ಸುದ್ದಿಯ ಹಾಗೆ ಹೇಳಿದ.

"ನೋವಿಲ್ಲ ಅಂತ ಖುಷಿ ಪಡಬೇಡಪ್ಪ. ನೋವಿದ್ದಿದ್ರೆ ಹನ್ನೊಂದು ದಿನದ ಹಿಂದೇನೇ ಓಡಿಬರ್ತಿದ್ದೆ. ನೋವಿಲ್ಲದ್ದನ್ನೇ ಮೊದಲು ತೋರಿಸಬೇಕು."

ನಿಂತುಹೋಗಿತ್ತಲ್ಲ ಅಂದ. ನಿಂತದ್ದು ವಾಸಿಯಾದ ಗುರುತಲ್ಲ, ಒಂದೇ ಒಂದು ಸಲ ಕಂಡರೂ ತೋರಿಸಬೇಕು ಅಂದರು. ರಕ್ತ ಗಡ್ಡೆಗಡ್ಡೆಯಾಗಿ ಹೋಗ್ತಾ ಇದೆಯಾ, ಮೂತ್ರ ಕಟ್ಟಿಕೊಂಡು ಬರದೇ ಇರೋದು, ಚಳಿಜ್ವರ, ಪಕ್ಕೆಯಲ್ಲಿ ನೋವು, ತಲೆ ಸುತ್ತು? ಇವು ಯಾವುದಿದ್ದರೂ ಈ ಕೌಂಟರಿಂದ ಸೀದಾ ಎಮರ್ಜೆನ್ಸಿಗೇ ನಡಿ ಅನ್ನುತ್ತಿದ್ದೆ ಅಂದರು. ಯಾವುದೂ ಇರಲಿಲ್ಲ. ಮಾತ್ರೆ ಏನಾದರೂ? ಇಲ್ಲ. ಕೆಲವು ಮಾತ್ರೆಗೂ ಕೆಂಪಾಗುತ್ತೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅದರಿಂದಲೇ ಅಂದುಕೊಂಡು ಸುಮ್ಮನಿರ್ತಾರೆ, ಅವರೂ ತೋರಿಸಬೇಕು, ತಾವಾಗಿ ಮಾತ್ರೆ ನಿಲ್ಲಿಸಲೂಬಾರದು ಅಂದರು. ಬೀಡಿ ಸಿಗರೇಟು? ಅವನು ಅಂಗಡಿಯ ಹಿಂಬಾಗಿಲ ಕಡೆ ನೋಡಿದ. ಅವರಿಗೆ ಉತ್ತರ ಸಿಕ್ಕಿತು. ವಯಸ್ಸು ಐವತ್ತಮೂರು, ಸಿಗರೇಟು, ಮೇಲೆ ಇಪ್ಪತ್ತಾರು ವರ್ಷ ಬಣ್ಣ, ಥಿನ್ನರು, ಇಷ್ಟೆಲ್ಲ ಇದ್ದಮೇಲೆ ತಡ ಮಾಡಬಾರದು ಅಂದರು. ಸೋಂಕಿರಬಹುದು, ಕಲ್ಲಿರಬಹುದು, ಪ್ರಾಸ್ಟೇಟ್ ದಪ್ಪಗಾಗಿರಬಹುದು, ಬಹಳ ಸಲ ಅಂಥದ್ದೇ ಇರುತ್ತೆ. ಕೆಟ್ಟದ್ದೂ ಇರಬಹುದು, ಬೇಗ ಗೊತ್ತಾದರೆ ಅದಕ್ಕೂ ದಾರಿಯಿದೆ. ಆದರೆ ಯಾವುದು ಅಂತ ಬರಿಗಣ್ಣಲ್ಲಿ ಯಾರಿಗೂ ಹೇಳೋಕಾಗಲ್ಲ, ನಿನಗೂ ಆಗಲ್ಲ, ನಿನ್ನ ಅಳಿಯನಿಗೂ ಆಗಲ್ಲ. ಈಗಲೇ ಹೊರಡು ಅಂದರು. ಹೊರಡುವಾಗ ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಳ್ಳುವುದನ್ನು ಕಂಡು, ಅದೇಕೆ ಅಂತ ಕೇಳಿದರು.

"ಸ್ಯಾಂಪಲ್ ಕೇಳ್ತಾರಲ್ಲ ಸಿಸ್ಟರೇ," ಅಂದ ಅವನು.

ಈ ಸಲ ಅವರು ನಕ್ಕರು. ಕೌಂಟರು ಹಿಡಿದುಕೊಂಡು, ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು ನಕ್ಕರು. ಅಸಲಿ ಕೊಡಬೇಕು ಕಣೋ, ಅಲ್ಲಿ ಪೇಂಟು ಪರೀಕ್ಷೆ ಮಾಡಲ್ಲ ಅಂದರು. ಡಬ್ಬಿಯನ್ನು ಒಳಗೆ ಎತ್ತಿಡಲು ಯಜಮಾನರಿಗೆ ಹೇಳಿ, ಇವನ ರಿಪೋರ್ಟು ಬರಲಿ, ಆಮೇಲೆ ಗೇಟಿನ ವಿಚಾರ ನೋಡೋಣ ಅಂದರು. ಯಜಮಾನರಿಗೆ ಗೇಟಿಗೂ ರಿಪೋರ್ಟಿಗೂ ಏನು ಸಂಬಂಧ ಅಂತ ಅರ್ಥವಾಗಲಿಲ್ಲ. ಸಿಸ್ಟರಮ್ಮ ಹೇಳಿದ ಮೇಲೆ ರಜೆ ಕೊಡದೆ ಇರುವ ಧೈರ್ಯವೂ ಇರಲಿಲ್ಲ.

ಆಸ್ಪತ್ರೆಯ ಲ್ಯಾಬು ಒಂದು ಸಣ್ಣ ಕೋಣೆ, ಅರ್ಧಕ್ಕೆ ಹಸಿರು ಬಳಿದ ಗೋಡೆ, ಮೇಲೆ ಟ್ಯೂಬ್‌ಲೈಟು. ಗೋಡೆಗೆ ಎರಡನೇ ಕೋಟು ಕೊಟ್ಟಿಲ್ಲ ಅನ್ನುವುದನ್ನು ಕಣ್ಣು ತಾನಾಗಿ ನೋಡಿತು. ಲ್ಯಾಬಿನವನು ಅವನ ಕೈಯಿಂದ ಬೆಚ್ಚಗಿನ ಬಾಟಲಿ ಇಸಕೊಂಡು, ಅದರಲ್ಲಿ ಒಂದು ಕಡ್ಡಿಯನ್ನು ಅದ್ದಿ ತೆಗೆದ. ಕಡ್ಡಿಯ ಮೈಮೇಲೆ ಸಾಲಾಗಿ ಪುಟ್ಟ ಬಣ್ಣದ ಚೌಕಗಳು. ಆಮೇಲೆ ಒಂದು ಡಬ್ಬಿ ತೆಗೆದು ಅದರ ಮೈಗೆ ಕಡ್ಡಿಯನ್ನು ಹಿಡಿದ. ಡಬ್ಬಿಯ ಮೈಮೇಲೆ, ಬಣ್ಣದ ಕಂಪನಿಗಳು ಕೊಡುವಂಥದ್ದೇ ಶೇಡ್ ಕಾರ್ಡು ಅಚ್ಚಾಗಿತ್ತು. ಶೇಡಣ್ಣನ ಎದೆ ಬೇರೆಯೇ ರೀತಿಯಲ್ಲಿ ಹೊಡೆದುಕೊಂಡಿತು. ಇಲ್ಲೂ ಬಣ್ಣ ಕೂಡಿಸುವುದೇ ಕೆಲಸ. ಇದು ಬೀಟ್‌ರೂಟ್ ಆದರೆ ಗೊತ್ತಾಗುತ್ತಾ ಅಂತ ಕೇಳಿದ. ಬೀಟ್‌ರೂಟಿಗೆ ಈ ಚೌಕ ಹಳದಿಯಾಗೇ ಉಳಿಯುತ್ತೆ, ರಕ್ತ ಇದ್ದರೆ ಹಸಿರಾಗುತ್ತೆ, ಹಸಿರು ಬಲಿತಷ್ಟೂ ಪ್ಲಸ್ ಜಾಸ್ತಿ, ಒಂದು ನಿಮಿಷ ಕಾಯಬೇಕು ಅಂದ ಲ್ಯಾಬಿನವನು. ಕೆಂಪಿಗೆ ಹಸಿರು. ಇಂಥ ಅನ್ಯಾಯವನ್ನು ಶೇಡಣ್ಣ ಯಾವ ಕಂಪನಿಯ ಕಾರ್ಡಿನಲ್ಲೂ ಕಂಡಿರಲಿಲ್ಲ. ಅವನು ಬಗ್ಗಿ ನೋಡುತ್ತ ನಿಂತ. ಹಳದಿ ಮೊದಲು ನಿಂಬೆಯಾಯಿತು, ನಿಂಬೆ ಎಳೆ ಎಲೆಯಾಯಿತು, ಎಲೆ ಬಲಿಯಿತು. ಬಲಿಯಬೇಡ ಅಂದುಕೊಂಡ. ಬಲಿಯಿತು.

ಲ್ಯಾಬಿನವನು ಕಡ್ಡಿಯನ್ನು ಅಲ್ಲಿ ಇಲ್ಲಿ ಹಿಡಿದು ನೋಡಿ, ಎರಡು ಪ್ಲಸ್ ಅಂತ ಬರೆಯಲು ಪೆನ್ನು ಎತ್ತಿದ. ಶೇಡಣ್ಣ ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೆ ಒಂದು ಪ್ಲಸ್ ಉಳಿಯುತ್ತಿತ್ತು. ಬೇರೆ ಯಾರಿಗಾದರೂ ಆಗಿದ್ದರೆ ಉಳಿಸಿಕೊಳ್ಳುತ್ತಿದ್ದರು. ಅವನ ಬಾಯಿ ಅವನ ಮಾತು ಕೇಳಲಿಲ್ಲ.

"ಎರಡಲ್ಲ ಸಾರ್, ಮೂರು. ಟ್ಯೂಬ್‌ಲೈಟಲ್ಲಿ ಹಸಿರು ಮೋಸ ಮಾಡುತ್ತೆ. ಬೆಳಕಿಗೆ ಬನ್ನಿ."

ಲ್ಯಾಬಿನವನು ಅವನ ಮುಖ ನೋಡಿದ, ಹಣೆಯ ಮೇಲಿನ ನೀಲಿ ನೋಡಿದ. ಜಾಸ್ತಿ ಬರೆಯಿರಿ ಅಂತ ಕೇಳಿದ ರೋಗಿ ಇವತ್ತಿನವರೆಗೆ ಸಿಕ್ಕಿಲ್ಲ ಅಂದ. ಅಂದರೂ, ಕಡ್ಡಿ ಡಬ್ಬಿ ಎರಡನ್ನೂ ಹಿಡಿದು ಎದ್ದು, ಅವನ ಹಿಂದೆ ಕಿಟಕಿಗೆ ಬಂದ. ಈ ಸಲ ಹಿಂದೆ ಒಬ್ಬ ಬಂದ. ಇಬ್ಬರೂ ತಲೆಗೆ ತಲೆ ತಾಗಿಸಿ ಬಿಸಿಲಲ್ಲಿ ನೋಡಿದರು. ಹೌದಲ್ರೀ, ಮೂರು ಅಂದ ಲ್ಯಾಬಿನವನು, ಮೂರು ಅಂತಲೇ ಬರೆದ, ಸೂಕ್ಷ್ಮದರ್ಶಕದಲ್ಲೂ ನೋಡಿಯೇ ಖಚಿತ ಮಾಡ್ತೀವಿ ಅಂತ ಸೇರಿಸಿದ. ಶೇಡಣ್ಣನ ಕುತ್ತಿಗೆಯ ಹಿಂದೆ ಬಿಸಿಲು ಬಿದ್ದಿತ್ತು, ಬಿಸಿ ಹತ್ತಲಿಲ್ಲ. ಭಯ ಹಾಗೇ ಇತ್ತು, ಒಂದಿಂಚೂ ಸರಿದಿರಲಿಲ್ಲ. ಆದರೆ ಅದರ ಪಕ್ಕದಲ್ಲಿ ಆ ಸಣ್ಣ ಸಂತೋಷ ಬಂದು ಕೂತಿತ್ತು, ಬಣ್ಣ ಕೂಡಿದಾಗಿನದು, ನಾಚಿಕೆಯಿಲ್ಲದ್ದು.

ಹೊರಗೆ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ಸಿಸ್ಟರಮ್ಮ ಫೋನು ಮಾಡಿದ್ದರಂತೆ. ಎಲ್ಲ ಹೇಳಿದ್ದರಂತೆ, ಕ್ಯಾಲೆಂಡರಿನ ಹಾಳೆಯನ್ನೂ ಬಿಡದೆ. ಅವಳು ಚೀಲದ ಹಿಡಿಕೆ ಹಿಂಡುತ್ತ ಕೂತಳು. ಆಮೇಲೆ ನೆಲ ನೋಡಿಕೊಂಡು ಹೇಳಿದಳು.

"ಹನ್ನೊಂದು ದಿನ ನಾನೂ ಅದನ್ನೇ ತಿಂದೆನಲ್ರೀ. ನನಗೇನೂ ಕೆಂಪಾಗಲಿಲ್ಲ. ಒಂದು ಮಾತು ಕೇಳಿದ್ದಿದ್ರೆ ಅವತ್ತೇ ಹೇಳ್ತಿದ್ದೆ."

ಅವನಿಗೆ ಇದು ಹೊಳೆದೇ ಇರಲಿಲ್ಲ. ಎಲ್ಲರಿಗೂ ಆಗಲ್ಲವಂತೆ, ಕೆಲವರಿಗೆ ಮಾತ್ರವಂತೆ ಅಂತ ಏನೋ ತೊದಲಿದ. ಎಷ್ಟು ಬಂತು ಅಂತ ಅವಳು ಕೇಳಿದಳು. ಮೂರು ಪ್ಲಸ್ ಅಂದ. ಎಷ್ಟಕ್ಕೆ ಅಂದಳು. ಮೂರಕ್ಕೇ ಅಂದ. ಅವಳ ಗಲ್ಲ ಅದುರಿತು, ಅಳುತ್ತಾಳೆ ಅಂದುಕೊಂಡ. "ಸದ್ಯ," ಅಂದಳು, "ಒಂದು ಪರೀಕ್ಷೆಯಲ್ಲಾದ್ರೂ ಪೂರ್ತಿ ಮಾರ್ಕು ತಗೊಂಡ್ರಿ." ಅಂದವಳು ಅವನ ಕೈ ಹಿಡಿದುಕೊಂಡಳು, ಗಟ್ಟಿಯಾಗಿ, ಮೂವತ್ತು ವರ್ಷದಲ್ಲಿ ಆಸ್ಪತ್ರೆಯಂಥ ನಾಲ್ಕು ಜನರ ಜಾಗದಲ್ಲಿ ಎಂದೂ ಹಿಡಿಯದವಳು. ಒಳಗೆ ಡಾಕ್ಟರು ಏನೇನು ಬರೆಯುತ್ತಾರೆ ಅಂತ ಸಿಸ್ಟರಮ್ಮ ಮೊದಲೇ ಹೇಳಿದ್ದರು. ಸ್ಕ್ಯಾನು, ಸೋಂಕಿನ ಪರೀಕ್ಷೆ, ಬೇಕಾದರೆ ಸಣ್ಣ ನಳಿಗೆಯಲ್ಲಿ ಕ್ಯಾಮೆರಾ ಬಿಟ್ಟು ಒಳಗೆಲ್ಲ ನೋಡುವುದು. ಒಳಗೆ ಯಾವ ಬಣ್ಣವಿರುತ್ತದೋ ಅಂತ ಅವನು ಯೋಚಿಸಿದ. ಯೋಚಿಸುತ್ತ ಅವಳ ಅಂಗೈಯನ್ನು ತಿರುಗಿಸಿ ಬಾಗಿಲಿನಿಂದ ಬರುತ್ತಿದ್ದ ಬೆಳಕಿಗೆ ಹಿಡಿದ. ಗೆರೆಗೆರೆಯಲ್ಲೂ ಕೆಂಪು, ನೀಲಿಯ ಕಡೆಗೆ ವಾಲಿದ್ದು. ಅವನು ತಲೆ ವಾರೆ ಮಾಡಿ ನೋಡಿದ.

"ನೋಡು," ಅಂದ, "ಬೀಟ್‌ರೂಟ್ ಅಂದ್ರೆ ಇದು."

ಡಾಕ್ಟರ ಕೋಣೆಯಿಂದ ಒಂದು ಹೆಸರು ಕರೆದರು. ಯಾರೂ ಏಳಲಿಲ್ಲ. ಎರಡನೇ ಸಲ ಕರೆದಾಗ ಇಬ್ಬರೂ ಸುತ್ತ ನೋಡಿ, ಪಾಪ, ಯಾರೋ ಹೆದರಿಕೊಂಡು ಓಡಿಹೋಗಿರಬೇಕು ಅಂದುಕೊಂಡರು. ಮೂರನೇ ಸಲಕ್ಕೆ ಹೆಂಡತಿಗೆ ನೆನಪಾಯಿತು, ಅದು ಅವಳ ಲಗ್ನಪತ್ರಿಕೆಯಲ್ಲಿ ವರನದು ಅಂತ ಅಚ್ಚಾಗಿದ್ದ ಹೆಸರು. ಅವಳೇ ಮೊದಲು ಎದ್ದು, ಕೈ ಬಿಡದೆ, ಅವನನ್ನೂ ಎಬ್ಬಿಸಿದಳು.